ತಿತ್ತಿಯೊಳಗಿನ ಶ್ರುತಿ

ನನಗೆ ಸಿಟ್ಟು ಬಂದರೆ ಜಗಳವಾಡುವುದಿಲ್ಲ, ಬರೆಯುತ್ತೇನೆ. ಆವತ್ತು ಬೆಳಿಗ್ಗೆಯೂ ಹಾಗೇ ಆಯಿತು. ಮನೆಯವರಿಗೆ ಕಾಫಿ ಕೊಟ್ಟು, ಕೊಬ್ಬರಿ ಅಟ್ಟದ ಕೆಳಗಿರುವ ನನ್ನ ಕೋಣೆಗೆ ಬಂದು, ಕಂಪ್ಯೂಟರ್ ತೆರೆದು, ಸಮುದ್ರದಾಚೆಯ ಯಾರೋ ಒಬ್ಬ ಪುಣ್ಯಾತ್ಮನಿಗೆ ನನಗೆ ಬರುವ ಇಂಗ್ಲಿಷಿನಲ್ಲೇ ಖಾರವಾಗಿ ಒಂದು ಮೇಲ್ ಬರೆದೆ. ಕಂಪ್ಯೂಟರಿನಲ್ಲಿ ನುಡಿಸಲೆಂದು ನೀವು ಮಾರಿರುವ ಐರ್ಲೆಂಡಿನ ಗಾಳಿಚೀಲದ ವಾದ್ಯದಲ್ಲಿ ಶ್ರುತಿಯೇ ಇಲ್ಲ, ಮೇಲಿನ ರಾಗ ಮಾತ್ರ ಇದೆ, ಕೆಳಗೆ ಒಂದೇ ಸಮನೆ ಮೊಳಗಬೇಕಾದ ಕೊಳವೆಗಳ ದನಿ ಎಲ್ಲಿ ಹೋಯಿತು, ಹೀಗೆ ಅರ್ಧಂಬರ್ಧ ವಾದ್ಯ ಮಾರುವುದಕ್ಕೆ ನಾಚಿಕೆಯಾಗುವುದಿಲ್ಲವೇ ಎಂದು ಕೇಳಿದೆ.

ಆತ ಮರ್ಯಾದಸ್ಥ. ಶ್ರುತಿ ಇದೆ ಮೇಡಂ, ಬೇರೆ ಯಾರೂ ಇಲ್ಲವೆಂದು ದೂರಿಲ್ಲ, ನಿಮ್ಮ ಹೆಡ್‌ಫೋನ್ ಒಮ್ಮೆ ಬದಲಾಯಿಸಿ ನೋಡಿ ಎಂದು ಉತ್ತರ ಬರೆದ. ಬದಲಾಯಿಸಿದೆ. ಹೊಸ ಹೆಡ್‌ಫೋನಿನಲ್ಲೂ ಇರಲಿಲ್ಲ. ಆದರೆ ಕಂಪ್ಯೂಟರಿನ ಪರದೆಯ ಮೇಲೆ, ದನಿ ಎಷ್ಟಿದೆ ಎಂದು ತೋರಿಸುವ ಹಸಿರು ಪಟ್ಟಿ ಮಾತ್ರ ಅಲ್ಲಾಡುತ್ತಿತ್ತು. ರಾಗವನ್ನು ನಿಲ್ಲಿಸಿ ಶ್ರುತಿಯೊಂದನ್ನೇ ಬಿಟ್ಟೆ. ಪಟ್ಟಿ ಅರ್ಧಕ್ಕೆ ಏರಿ ನಿಂತಿತು. ನನ್ನ ಕಿವಿಯಲ್ಲಿ ಏನೂ ಇಲ್ಲ. ನಾನು ಯಾವ ಮನೆಯ ಮಗಳು ಎನ್ನುವುದು ನನಗೆ ಮರೆತಿರಲಿಲ್ಲ.

ನನ್ನ ತವರು ಚಿಕ್ಕನಾಯಕನಹಳ್ಳಿ ತಾಲ್ಲೂಕು, ಹುಳಿಯಾರಿನ ಕಡೆ. ಅಲ್ಲಿ ನಮ್ಮಮ್ಮನನ್ನು ಬೆನ್ನ ಹಿಂದೆ ಕಿವುಡಮ್ಮ ಎಂದು ಕರೆಯುತ್ತಿದ್ದರು. ಎದುರಿಗೆ ನಿಂತು ಕರೆದಿದ್ದರೂ ದೊಡ್ಡ ವ್ಯತ್ಯಾಸವೇನೂ ಆಗುತ್ತಿರಲಿಲ್ಲ. ಅಮ್ಮನ ಅಮ್ಮನಿಗೂ ಕಿವಿ ಕೇಳುತ್ತಿರಲಿಲ್ಲ, ಅಮ್ಮನ ಅಕ್ಕ ನಮ್ಮ ದೊಡ್ಡಮ್ಮನಿಗೂ ಇಲ್ಲ. ಯಾರೂ ಹುಟ್ಟು ಕಿವುಡರಲ್ಲ. ಚೆನ್ನಾಗಿ ಕೇಳುತ್ತಿದ್ದದ್ದು ಒಂದೆರಡು ಹೆರಿಗೆಯಾಗುವಷ್ಟರಲ್ಲಿ ಮಂದವಾಗಿ, ಮಕ್ಕಳು ಹೈಸ್ಕೂಲು ಸೇರುವ ಹೊತ್ತಿಗೆ ಪೂರ್ತಿ ಹೋಗಿರುತ್ತಿತ್ತು. "ನಮ್ಮನೆ ಹೆಣ್ಮಕ್ಕಳಿಗೆ ಬಾಣಂತನದಾಗೆ ಕಿವಿಗೆ ಗಾಳಿ ಹೊಕ್ಕಂಬುಡ್ತದೆ ಕಣವ್ವ" ಎನ್ನುತ್ತಿದ್ದರು ದೊಡ್ಡಮ್ಮ. ಅದು ಮನೆಯೊಳಗಿನ ಮಾತು. ಗಂಡಿನ ಕಡೆಯವರು ಬಂದಾಗ ಅದನ್ನು ಎತ್ತಬಾರದು. ನನ್ನನ್ನು ನೋಡಲು ಬಂದ ದಿನ ಅಮ್ಮನನ್ನು ಅಡುಗೆಮನೆಯಲ್ಲೇ ಕೂರಿಸಿ, ಬಾಗಿಲಿಗೆ ಚಿಕ್ಕಮ್ಮನನ್ನು ನಿಲ್ಲಿಸಿದ್ದರು.

ಅಮ್ಮನನ್ನು ನೆನೆದರೆ ನನಗೆ ಮೊದಲು ಕಾಣಿಸುವುದು ಅವಳ ನಗು. ಮದುವೆ ಮನೆಯಲ್ಲಿ ಹೆಂಗಸರ ಗುಂಪಿನ ನಡುವೆ ಕೂತು, ಎಲ್ಲರ ಬಾಯಿ ನೋಡುತ್ತಾ, ಅವರು ನಕ್ಕಾಗ ಒಂದು ಗಳಿಗೆ ತಡವಾಗಿ ನಗುತ್ತಿದ್ದಳು. ಒಮ್ಮೆ ಯಾರದೋ ಸಾವಿನ ಸುದ್ದಿ ಹೇಳುತ್ತಿದ್ದಾಗಲೂ ನಕ್ಕುಬಿಟ್ಟಳು. ನನಗಾಗ ಹನ್ನೊಂದೋ ಹನ್ನೆರಡೋ ವಯಸ್ಸು. ನಾಚಿಕೆಯಿಂದ ಸತ್ತೇ ಹೋದೆ. ಆಮೇಲೆ ನನ್ನ ಹಟವೆಲ್ಲ ಒಂದೇ ಆಯಿತು. ಅಮ್ಮನಿಗೆ ಕೇಳದ್ದನ್ನೆಲ್ಲ ನಾನು ಕೇಳಿಬಿಡಬೇಕು. ತುಮಕೂರಿನಲ್ಲಿ ಸಂಗೀತ ಕಲಿತೆ, ತಿಪಟೂರಿನ ಶಾಲೆಯೊಂದರಲ್ಲಿ ಸಂಗೀತದ ಟೀಚರಾದೆ, ಬಿಳಿಗೆರೆ ಕಡೆಯ ತೆಂಗಿನ ತೋಟದ ಮನೆಗೆ ಸೊಸೆಯಾಗಿ ಬಂದೆ. ಮಗಳು ಹುಟ್ಟಿದಾಗ ಕಿವಿಗೆ ಹತ್ತಿ ತುರುಕಿ ತಲೆಗೆ ಬಟ್ಟೆ ಬಿಗಿದು ತಿಂಗಳುಗಟ್ಟಲೆ ಕೂತೆ. ಇರುವೆ ಹೋಗಲಿ, ಗಾಳಿ ಹೋಗಲೂ ಜಾಗವಿರಲಿಲ್ಲ. ಕಿವಿ ಉಳಿಯಿತು. ನಲವತ್ತು ದಾಟಿದ ಮೇಲೂ ಉಳಿಯಿತು. ತಪ್ಪಿಸಿಕೊಂಡೆ ಎಂದುಕೊಂಡು ಒಳಗೊಳಗೇ ಸ್ವಲ್ಪ ಜಂಬವನ್ನೂ ಪಟ್ಟೆ.

ಶಾಲೆಯ ಕೆಲಸ ಬಿಟ್ಟ ಮೇಲೆ ನನಗೆ ಹತ್ತಿದ ಹುಚ್ಚು ಮನೆಯಲ್ಲೇ ರೆಕಾರ್ಡ್ ಮಾಡುವುದು. ಒಂದು ಕೀಬೋರ್ಡು, ಒಂದು ಮೈಕು, ಮಗಳ ಹಳೆಯ ಕಂಪ್ಯೂಟರು. ಕೋಣೆ ಹುಡುಕುವ ಕಷ್ಟವಿರಲಿಲ್ಲ. ನಮ್ಮ ಕಡೆ ತೆಂಗಿನಕಾಯಿಯನ್ನು ಕಿತ್ತು ಅಟ್ಟಕ್ಕೆ ಹಾಕಿ, ಸಿಪ್ಪೆಯ ಸಮೇತ ವರ್ಷದ ಹತ್ತಿರ ಹಾಗೇ ಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಅಟ್ಟದ ತುಂಬ ಕಾಯಿ ರಾಶಿಯಿದ್ದರೆ ಕೆಳಗಿನ ಕೋಣೆಯಲ್ಲಿ ಮಾತು ಪ್ರತಿಧ್ವನಿಸುವುದಿಲ್ಲ. ಬಾಯಿಂದ ಬಿದ್ದದ್ದು ಅಲ್ಲೇ ಸತ್ತುಹೋಗುತ್ತದೆ. ರೆಕಾರ್ಡಿಂಗಿಗೆ ಅದಕ್ಕಿಂತ ಒಳ್ಳೆಯ ಕೋಣೆ ಇನ್ನೊಂದಿಲ್ಲ. ಮೊದಮೊದಲು ಇಲಿಗಳು ಓಡಾಡುವ, ಕಾಯಿ ಉರುಳುವ ಗುಡುಗುಡು ಸದ್ದು ಮೈಕಿಗೆ ಬಿದ್ದು ತಲೆನೋವಾಗಿತ್ತು. ಬರಬರುತ್ತಾ ಅದೂ ನಿಂತಿತು. ಬೆಕ್ಕು ಸಾಕಿದ್ದು ಸಾರ್ಥಕವಾಯಿತು ಎಂದುಕೊಂಡೆ.

ಮೈಸೂರಿನಲ್ಲಿ ಮಕ್ಕಳಿಗಾಗಿ ಕಥೆಗಳನ್ನು ಓದಿಸಿ ಧ್ವನಿಮುದ್ರಿಸುವ ಒಬ್ಬರಿದ್ದಾರೆ. ನನ್ನ ಒಂದೆರಡು ಕೆಲಸ ಕೇಳಿ ಮೆಚ್ಚಿದ್ದವರು ಒಂದು ದಿನ ಫೋನ್ ಮಾಡಿದರು. "ಮೇಡಂ, ಐರ್ಲೆಂಡಿನ ಕಡಲತೀರದ ಕಥೆಗಳನ್ನ ಕನ್ನಡದಲ್ಲಿ ಮಾಡ್ತಾ ಇದೀವಿ. ಹಿನ್ನೆಲೆ ಸಂಗೀತ ನಿಮ್ಮದೇ ಆಗ್ಬೇಕು. ಆದ್ರೆ ನಮ್ಮ ಕೊಳಲು ಹಾಕಿ ಇದೇ ಐರ್ಲೆಂಡು ಅಂದ್ಬಿಡಬೇಡಿ. ಈಗಿನ ಮಕ್ಕಳು ಬಿಡಲ್ಲ." ಐರ್ಲೆಂಡು, ಸ್ಕಾಟ್ಲೆಂಡಿನ ಕಡೆಯ ಹಳೆಯ ವಾದ್ಯಗಳಿಗೆಲ್ಲ ಒಟ್ಟಾಗಿ ಕೆಲ್ಟಿಕ್ ವಾದ್ಯ ಎನ್ನುತ್ತಾರಂತೆ. ತಿಪಟೂರಿನಲ್ಲಿ ಅವನ್ನು ನುಡಿಸುವವರನ್ನು ಎಲ್ಲಿಂದ ತರಲಿ? ಉಳಿದ ದಾರಿ ಸ್ಯಾಂಪಲ್. ಆ ದೇಶದ ಯಾರೋ ಒಬ್ಬ ವಾದ್ಯಗಾರ ಒಂದೊಂದು ಸ್ವರವನ್ನೂ ಬಿಡಿಬಿಡಿಯಾಗಿ ನುಡಿಸಿ ಕೊಟ್ಟಿರುತ್ತಾನೆ. ನಾನಿಲ್ಲಿ ಕೀಬೋರ್ಡಿನ ಮನೆ ಒತ್ತಿದರೆ ಅವನಲ್ಲಿ ನುಡಿಸಿದ ಸ್ವರ ಬರುತ್ತದೆ. ಆ ಮನುಷ್ಯ ಬದುಕಿದ್ದಾನೋ ಇಲ್ಲವೋ, ಅವನ ಉಸಿರು ಮಾತ್ರ ನನ್ನ ಬೆರಳಿನ ಕೆಳಗಿರುತ್ತದೆ. ಈ ವಿಚಾರ ನನಗೆ ಮೊದಲಿನಿಂದಲೂ ಅಷ್ಟು ಹಿತವಾಗಿರಲಿಲ್ಲ.

ಹುಡುಕಾಟ ಶುರುವಾಯಿತು. ಪುಕ್ಕಟೆ ಸಿಕ್ಕಿದ ಹಾರ್ಪ್ ಹೊಲಿಗೆ ಮಷಿನ್ನಿನ ಹಾಗಿತ್ತು. ಒಂದೇ ತಂತಿಯನ್ನು ನಾಲ್ಕು ಸಲ ಮೀಟಿದರೆ ನಾಲ್ಕೂ ಸಲ ಕೂದಲೆಳೆ ವ್ಯತ್ಯಾಸವಿಲ್ಲದ ಅದೇ ಸದ್ದು. ಮನುಷ್ಯರ ಬೆರಳು ಹಾಗೆ ಮೀಟುವುದಿಲ್ಲ. ತಗಡಿನ ಸೀಟಿಕೊಳಲು ಇನ್ನೂ ಘೋರ. ಸ್ವರಕ್ಕೆ ಮುಂಚೆ ಒಂದು ಉಸಿರು, ಪ್ರತಿ ಸ್ವರಕ್ಕೂ ಅದೇ ಉಸಿರು. ಅರ್ಧ ಗಂಟೆ ಕೇಳಿದರೆ, ಯಾರೋ ಒಬ್ಬ ಉಸಿರು ಎಳೆದುಕೊಂಡವನು ಬಿಡಲಾಗದೆ ಬಾಗಿಲ ಹಿಂದೆ ನಿಂತಿದ್ದಾನೆ ಎನಿಸುತ್ತಿತ್ತು. ಹಠ ಬಿಡದೆ ಹುಡುಕಿ, ಒಂದೊಂದು ಸ್ವರವನ್ನೂ ಹತ್ತಾರು ಬಗೆಯಲ್ಲಿ ಊದಿಸಿದ್ದ ಒಳ್ಳೆಯ ಸೀಟಿಕೊಳಲು ಕೊಂಡೆ. ತೂತಿನ ಮೇಲಿಂದ ಬೆರಳು ಏಳುವ ಟಕ್ ಎನ್ನುವ ಸಣ್ಣ ಸದ್ದು ಕೂಡ ಅದರಲ್ಲಿತ್ತು. ಅದು ನನಗೆ ಚೆನ್ನಾಗಿಯೇ ಕೇಳುತ್ತಿತ್ತು. ಇಂಥ ಕಿವಿಗೆ ಏನಾಗಿದೆ ಹೇಳಿ?

ಎಡವಟ್ಟಾದದ್ದು ಬೌರಾನ್ ಎಂಬ ಚರ್ಮವಾದ್ಯದಿಂದ. ಅದು ಒಂದೇ ಮುಖದ್ದು, ನಮ್ಮ ತಮಟೆಯ ದೂರದ ನೆಂಟ. ಓದಿದ ಕಡೆಯೆಲ್ಲ ಅದರ ದನಿ ಹೊಟ್ಟೆಯಿಂದ ಬರುತ್ತದೆ ಎಂದಿದ್ದರು. ನಾನು ತರಿಸಿದ ಒಂದಕ್ಕೂ ಹೊಟ್ಟೆಯೇ ಇರಲಿಲ್ಲ. ಕಡ್ಡಿ ಚರ್ಮಕ್ಕೆ ತಾಗಿದ ಚಟಚಟ ಮಾತ್ರ. ಒಂದನ್ನು ಬಿಟ್ಟು ಇನ್ನೊಂದು, ಇನ್ನೊಂದನ್ನು ಬಿಟ್ಟು ಮತ್ತೊಂದು ತೆಗೆದುಕೊಂಡೆ, ಎಲ್ಲವನ್ನೂ ಬೈದೆ. ನಮ್ಮವರು ಬಾಗಿಲಲ್ಲಿ ನಿಂತು ಕೇಳಿ, "ಚೆನ್ನಾಗೇ ಐತಲ್ಲೇ, ಗುಂ ಅಂತೈತೆ. ಇನ್ನೇನಾಗ್ಬೇಕು ನಿಂಗೆ?" ಎಂದರು. "ನಿಮಗೆ ಸಂಗೀತ ಏನ್ರೀ ಗೊತ್ತು" ಎಂದು ಅಟ್ಟಿದೆ. ಅವರು ನಗುತ್ತಾ ತೋಟಕ್ಕೆ ಹೋದರು. ಗುಂ ಎನ್ನುತ್ತಿದೆ ಎಂದಿದ್ದರಲ್ಲ, ಆ ಮಾತು ಮಾತ್ರ ಕೋಣೆಯಲ್ಲೇ ಉಳಿಯಿತು.

ಆಮೇಲೆ ಬಂದದ್ದು ಈ ಗಾಳಿಚೀಲದ ವಾದ್ಯ. ಕಂಕುಳಲ್ಲಿ ಚೀಲ ಅದುಮಿಕೊಂಡು, ಮೊಣಕೈಯಿಂದ ಗಾಳಿ ತುಂಬುತ್ತಾ ನುಡಿಸುತ್ತಾರೆ. ಕಮ್ಮಾರರ ತಿತ್ತಿಯ ನೆನಪಾಗಿ ನಾನು ಅದನ್ನು ತಿತ್ತಿ ಎಂದೇ ಕರೆಯತೊಡಗಿದೆ. ಒಂದು ಕೊಳವೆ ರಾಗ ನುಡಿಸಿದರೆ ಉಳಿದವು ತಗ್ಗಿನಲ್ಲಿ ಒಂದೇ ಸ್ವರ ಹಿಡಿದು ನಿಲ್ಲುತ್ತವೆ. ಓಲಗದಲ್ಲಿ ಒಬ್ಬ ನಾಗಸ್ವರ ನುಡಿಸುತ್ತಿದ್ದರೆ ಪಕ್ಕದಲ್ಲಿ ಇನ್ನೊಬ್ಬ ಸುಮ್ಮನೆ ಶ್ರುತಿ ಊದುತ್ತಿರುತ್ತಾನಲ್ಲ, ಅದೇ ಕೆಲಸ. ಆ ಶ್ರುತಿಯೇ ನನಗೆ ಕಾಣೆಯಾದದ್ದು. ಹೆಡ್‌ಫೋನ್ ಬದಲಾಯಿಸಿಯೂ ಪ್ರಯೋಜನವಾಗದೆ, ಶ್ರುತಿಯ ಲೆವೆಲ್ಲನ್ನು ಮೇಲಕ್ಕೆ ತಳ್ಳುತ್ತಾ ಹೋದೆ. ಹಸಿರು ಪಟ್ಟಿ ಹಳದಿಗೆ ತಿರುಗಿದಾಗ, ಎಲ್ಲೋ ದೂರದಲ್ಲಿ, ಗೋಡೆಯಾಚೆ ಜೇನು ಎದ್ದ ಹಾಗೆ, ಅದು ಕೇಳಿಸಿತು. ಅಬ್ಬಾ, ಸದ್ಯ, ಇದೆ ಎಂದುಕೊಂಡು ಅಷ್ಟಕ್ಕೇ ಬಿಟ್ಟು ಸಂಗೀತ ಮುಗಿಸಿ ಮೈಸೂರಿಗೆ ಕಳಿಸಿದೆ.

ಮರುದಿನವೇ ಫೋನ್ ಬಂತು. "ಮೇಡಂ, ಸೀಟಿ ಅಂತೂ ಅದ್ಭುತ. ಆದ್ರೆ ಆ ಕೆಳಗಡೆ ಒಂದು ಸದ್ದು ಹಾಕಿದೀರಲ್ಲ, ಮನೆ ಮುಂದೆ ಲಾರಿ ಸ್ಟಾರ್ಟ್ ಮಾಡಿ ನಿಲ್ಸಿದಂಗಿದೆ. ಕಥೆ ಹೇಳೋರ ದನಿ ಮುಳುಗೇ ಹೋಯ್ತು." ನಾನು ಅವರ ಸ್ಪೀಕರನ್ನು ದೂರಿದೆ. ಅವರು ಪಾಪ, ಬೇರೆ ಮೂರು ಕಡೆ ಹಾಕಿ ಕೇಳಿದ್ದರಂತೆ. ಫೋನ್ ಇಟ್ಟ ಮೇಲೆ ಗಮನಿಸಿದೆ. ಅದನ್ನು ಹಿಡಿದಿದ್ದದ್ದು ಬಲಗಿವಿಗೆ. ನಾನು ಎಡಗಿವಿಯವಳು. ಯಾವಾಗಿನಿಂದ ಬದಲಾಯಿಸಿದ್ದೆನೋ ನೆನಪಾಗಲಿಲ್ಲ.

ಒಂದು ಸಲ ಅನುಮಾನ ಹೊಕ್ಕಿತೆಂದರೆ ಆಯಿತು, ಮನೆಯೆಲ್ಲ ಸಾಕ್ಷಿ ಹೇಳತೊಡಗುತ್ತದೆ. ಫ್ರಿಜ್ ಗುಂಯ್‌ಗುಡುವುದನ್ನು ಯಾವತ್ತು ನಿಲ್ಲಿಸಿತು? ಅದು ನಿಲ್ಲಿಸಿರಲಿಲ್ಲ, ಕೈ ಇಟ್ಟರೆ ನಡುಗುತ್ತಿತ್ತು. ಅಟ್ಟದ ಇಲಿಗಳು? ಬೆಕ್ಕು ಅವುಗಳ ಗೊಡವೆಗೇ ಹೋಗಿರಲಿಲ್ಲ, ಹತ್ತಿ ನೋಡಿದರೆ ಹಿಕ್ಕೆ ಬೇಕಾದಷ್ಟಿತ್ತು. ತೋಟದ ತೊಟ್ಟಿಯ ಹತ್ತಿರ ಮೋಟಾರಿದೆ. ಒಂದು ದಿನ ಅದರ ಪಕ್ಕದಲ್ಲೇ ನಿಂತು ಹೂ ಕೀಳುತ್ತಾ, "ಏನ್ರೀ, ಕರೆಂಟ್ ಹೋಯ್ತು, ಮೋಟ್ರು ನಿಂತೋಯ್ತು" ಎಂದು ಕೂಗಿದೆ. ಅವರು ಓಡಿ ಬಂದರು. ತೊಟ್ಟಿ ತುಂಬಿ ನೀರು ನನ್ನ ಕಾಲ ಬುಡದಲ್ಲೇ ಹರಿಯುತ್ತಿತ್ತು. ಮೋಟಾರು ನಿಂತಿರಲಿಲ್ಲ. ಅವರು ನನ್ನ ಮುಖ ನೋಡಿ, ತಾವೇ ಹೋಗಿ ಮೋಟಾರು ಆರಿಸಿದರು. ಏನಾದರೂ ಹೇಳಿಬಿಟ್ಟಿದ್ದರೆ ಚೆನ್ನಾಗಿತ್ತು.

ನನಗೆ ನಾನೇ ಧೈರ್ಯ ಹೇಳಿಕೊಳ್ಳಲು ಒಂದು ಆಧಾರವಿತ್ತು. ಕಾಯಿ ಸುಲಿಯುವ ಮಷಿನ್ ಬಂದು ಅಂಗಳದಲ್ಲಿ ನಿಂತಾಗ ಎಲ್ಲರೂ ಒಬ್ಬರಿಗೊಬ್ಬರು ಕಿರುಚಾಡುತ್ತಾರೆ, ಯಾರಿಗೂ ಏನೂ ಕೇಳುವುದಿಲ್ಲ. ನನಗೆ ಮಾತ್ರ ಆ ಗಲಾಟೆಯಲ್ಲೇ ಮಾತು ಬಿಡಿಬಿಡಿಯಾಗಿ ಚೆನ್ನಾಗಿ ಕೇಳುತ್ತದೆ. ಕಿವಿ ಹೋದವಳಿಗೆ ಹೀಗೆ ಕೇಳುತ್ತದೆಯೇ? ಹೀಗೆಂದು ಸಮಾಧಾನ ಮಾಡಿಕೊಂಡು ಎರಡು ದಿನ ಚೆನ್ನಾಗಿ ಉಂಡೆ. ಮೂರನೆಯ ದಿನ, ಬಟ್ಟೆ ಒಗೆಯುತ್ತಾ ಇದ್ದಾಗ, ಊರಿನ ಹಿಟ್ಟಿನ ಗಿರಣಿ ನೆನಪಾಯಿತು. ರಾಗಿ ಬೀಸಿಸಲು ಅಮ್ಮನ ಜೊತೆ ಹೋಗುತ್ತಿದ್ದೆ. ಗಿರಣಿ ಓಡುತ್ತಿರುವಾಗ ಅದರ ಪಕ್ಕದಲ್ಲಿ ನಿಂತು ನಾನು ಸುಮ್ಮನೆ ಆಡಿದ ಮಾತೂ ಅಮ್ಮನಿಗೆ ಕೇಳುತ್ತಿತ್ತು. ಅಮ್ಮನೊಡನೆ ಕಿರುಚದೆ ಮಾತಾಡಲು ನನಗಿದ್ದದ್ದು ಲೋಕದಲ್ಲಿ ಅದೊಂದೇ ಜಾಗ. ಒದ್ದೆ ಬಟ್ಟೆಯನ್ನು ಕಲ್ಲಿನ ಮೇಲೆ ಬಿಟ್ಟು ಹಾಗೇ ಕೂತುಬಿಟ್ಟೆ.

ಅದೇ ವಾರ ಅಟ್ಟದ ಕೊಬ್ಬರಿ ನೋಡಬೇಕಾಗಿತ್ತು. ಕಾಯಿ ಅಲ್ಲಾಡಿಸಿ, ಒಳಗೆ ಉಂಡೆ ಬಿಟ್ಟುಕೊಂಡು ಲೊಟಲೊಟ ಎನ್ನುತ್ತಿದೆಯೋ ಇಲ್ಲವೋ ಎಂದು ಕೇಳಿ, ಆದದ್ದನ್ನು ಸುಲಿಯಲು ಕೊಡುವುದು, ಆಗದ್ದನ್ನು ಹಿಂದಕ್ಕೆ ಹಾಕುವುದು. ಈ ಕೆಲಸಕ್ಕೆ ನಮ್ಮ ಮನೆಯಲ್ಲಿ ನನ್ನದೇ ಮಾತು. ಎಲ್ಲರೂ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ನಾನು ಕಿವಿಯ ಹಿಂದಿನ ಮೂಳೆಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ, ಮೆಲ್ಲಗೆ ಅಲ್ಲಾಡಿಸುತ್ತೇನೆ. ಒಳಗೆ ಉಂಡೆ ಎಷ್ಟು ಬಿಟ್ಟಿದೆ, ಎಲ್ಲಿ ಕಚ್ಚಿಕೊಂಡಿದೆ ಎಂದು ಸಲೀಸಾಗಿ ಗೊತ್ತಾಗುತ್ತದೆ. ಇದು ನಮ್ಮಮ್ಮನಿಂದ ಬಂದ ಕೈಚಳಕ. ಅಮ್ಮ ಒತ್ತಿ ನೋಡಿ ಆಗಿದೆ ಎಂದ ಕಾಯಿ ಒಂದೂ ಹುಸಿ ಹೋಗುತ್ತಿರಲಿಲ್ಲ. ಊರಿನವರು ತಮ್ಮ ಅಟ್ಟ ನೋಡಲೂ ಅವಳನ್ನು ಕರೆಯುತ್ತಿದ್ದರು. ಅವಳಿಗೆ ಸಿಕ್ಕ ಒಂದೇ ಮರ್ಯಾದೆ ಅದು. ಮದುವೆಯಾಗಿ ಬಂದ ಮೇಲೆ ನಾನೂ ಹಾಗೇ ನೋಡಿ ಸೈ ಎನಿಸಿಕೊಂಡಿದ್ದೆ.

ಆ ದಿನ ನಮ್ಮವರು ರಾಶಿಯ ಆ ಬದಿಯಲ್ಲಿ ಕೂತು ಒಂದು ಕಾಯಿ ಅಲ್ಲಾಡಿಸಿ, "ಇದು ಆಗೈತೆ ಅಲ್ವಾ?" ಎಂದರು. ನನಗೆ ಅವರ ಕೈ ಆಡಿದ್ದು ಕಾಣಿಸಿತೇ ಹೊರತು ಸದ್ದಿಲ್ಲ. "ಇಲ್ಲಿ ಕೊಡಿ" ಎಂದು ಇಸಕೊಂಡು ಕಿವಿಯ ಹಿಂದೆ ಒತ್ತಿದೆ. ಲೊಟಲೊಟ ಎಂದು ತಲೆಯೊಳಗೇ ಬಡಿಯಿತು. "ಆಗಿದೆ" ಎಂದೆ. ಅವರು ಕಾಯಿಯನ್ನು ವಾಪಸು ತೆಗೆದುಕೊಳ್ಳದೆ ಕೇಳಿದರು. "ಯಾಕೆ ನೀನು ಯಾವಾಗ್ಲೂ ತಲೆಗೆ ಒತ್ಕೊಂಡೇ ನೋಡ್ತೀಯ?"

"ನಮ್ಮಮ್ಮ ಹಂಗೇ ನೋಡ್ತಿದ್ದಿದ್ದು. ಹಂಗೆ ನೋಡಿದ್ರೇ ಒಳಗಿಂದು ಗೊತ್ತಾಗೋದು."

ಅವರು ತಲೆಯಾಡಿಸಿ ಇನ್ನೊಂದು ಕಾಯಿ ತೆಗೆದುಕೊಂಡರು.

ತುಮಕೂರಿಗೆ ಒಬ್ಬಳೇ ರೈಲಿನಲ್ಲಿ ಹೋದೆ, ಮೈಕಿಗೆ ವೈರು ತರಬೇಕೆಂದು ಸುಳ್ಳು ಹೇಳಿ. ಕಿವಿಯ ಡಾಕ್ಟರು ನನ್ನ ಶಿಷ್ಯೆಯಾಗಬಹುದಾದಷ್ಟು ಚಿಕ್ಕ ಹೆಣ್ಣುಮಗಳು. ಅವಳು ಡ್ರಾಯರಿನಿಂದ ಶ್ರುತಿಕವೆ ತೆಗೆದಾಗ ನನಗೆ ನಗು ಬಂತು. ಎರಡು ಕಡ್ಡಿಯ ಆ ಉಕ್ಕಿನ ಕವೆಯನ್ನು ಬಡಿದು ಸ್ವರ ತೋರಿಸುವುದನ್ನು ನಾನೇ ಎಷ್ಟು ಮಕ್ಕಳಿಗೆ ಕಲಿಸಿಲ್ಲ! ಅವಳು ಅದನ್ನು ಮೊಣಕೈಗೆ ಬಡಿದು ನನ್ನ ಕಿವಿಯ ಮುಂದೆ ಹಿಡಿದಳು. ತುಂಬ ತೆಳ್ಳಗೆ, ಬರುತ್ತಿದೆಯೋ ಇಲ್ಲವೋ ಎನ್ನುವಷ್ಟು. ನಂತರ ಅದರ ಬುಡವನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ ಹಿಡಿದಳು. ಸ್ವರ ತಲೆ ತುಂಬ ದುಂಡಗೆ ಮೊಳಗಿತು.

"ಎಲ್ಲಿ ಜಾಸ್ತಿ ಕೇಳಿಸ್ತು? ಮುಂದೆನಾ, ಹಿಂದೆನಾ?"

ಆ ಕುರ್ಚಿಯಲ್ಲಿ ಕೂತವಳಿಗೆ ಎದುರಿಗೆ ಕಂಡದ್ದು ಡಾಕ್ಟರಲ್ಲ. ಅಟ್ಟದ ಮೇಲೆ, ಕಾಯಿ ರಾಶಿಯ ನಡುವೆ, ಕಿವಿಯ ಹಿಂದೆ ಕಾಯಿ ಒತ್ತಿಕೊಂಡು ಕಣ್ಣು ಮುಚ್ಚಿ ಕೂತ ನಮ್ಮಮ್ಮ. ಅದು ಕೈಚಳಕವಾಗಿರಲಿಲ್ಲ. ಬೇರೆ ರೀತಿಯಲ್ಲಿ ಅವಳಿಗೆ ಕೇಳುತ್ತಲೇ ಇರಲಿಲ್ಲ. ಅವಳ ಕಿವುಡನ್ನು ಊರೆಲ್ಲ ವಿದ್ಯೆ ಎಂದುಕೊಂಡಿತ್ತು, ನಾನು ಆ ವಿದ್ಯೆಯನ್ನು ಹೆಮ್ಮೆಯಿಂದ ಕಲಿತು ಗಂಡನ ಮನೆಗೆ ತಂದಿದ್ದೆ. ನನಗೆ ಯಾವ ವರ್ಷದಿಂದ ಒತ್ತದೆ ಕೇಳುವುದು ನಿಂತಿತೋ ದೇವರೇ ಬಲ್ಲ, ಯಾಕೆಂದರೆ ನಾನು ಒತ್ತದೆ ನೋಡಿದ್ದೇ ಇಲ್ಲ. ನನಗೆ ಅಳು ಬಂತು. ಡಾಕ್ಟರು ಗಾಬರಿಯಾಗಿ ನೀರು ಕೊಟ್ಟಳು.

ಅವಳು ಚೆನ್ನಾಗಿ ಬಿಡಿಸಿ ಹೇಳಿದಳು. ಕಿವಿಯೊಳಗೆ ಅಕ್ಕಿಕಾಳಿಗಿಂತ ಚಿಕ್ಕದಾದ ಮೂಳೆಯೊಂದಿದೆ. ಸದ್ದು ಬಂದಾಗ ಅದು ಅಲ್ಲಾಡಬೇಕು. ನನ್ನದರ ಸುತ್ತಲೂ ಮೂಳೆ ಬೆಳೆದುಕೊಂಡು ಅದು ಬಿಗಿಯುತ್ತಿದೆ. ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ತಗ್ಗಿನ ದನಿಗಳೇ ಮೊದಲು ಹೋಗುತ್ತವೆ. ಗದ್ದಲದಲ್ಲಿ ಮಾತು ಚೆನ್ನಾಗಿ ಕೇಳಿದಂತಾಗುವುದೂ ಇದರ ಲಕ್ಷಣವೇ. "ಈಗ ಆಪರೇಷನ್ ಇದೆ, ಮಷಿನ್ ಇದೆ. ನಿಮ್ಮ ತಾಯಿ ಕಾಲದ ಹಾಗಲ್ಲ, ಹೆದರ್ಕೋಬೇಡಿ" ಎಂದಳು. ನಾನು ಏಳುತ್ತಿದ್ದೆ. ಬರೆಯುತ್ತಾ ಬರೆಯುತ್ತಾ ತಲೆ ಎತ್ತದೆಯೇ ಕೇಳಿದಳು. "ಮಕ್ಕಳು?"

"ಒಬ್ಬಳು ಮಗಳು. ಇಪ್ಪತ್ತೆರಡು."

"ಕೆಲವು ಮನೆಗಳಲ್ಲಿ ಮಕ್ಕಳಿಗೂ ಬರುತ್ತೆ. ಎಲ್ಲರಿಗೂ ಬರಲೇಬೇಕು ಅಂತಿಲ್ಲ. ಒಂದ್ಸಲ ಕರ್ಕೊಂಡು ಬನ್ನಿ, ನೋಡ್ಬಿಡೋಣ."

ಕಿವಿಯ ವಿಷಯ ಮನೆಗೆ ಬಂದು ಹೇಳಿದೆ. ನಮ್ಮವರು, "ಕೇಳದಿದ್ರೆ ಬುಡು. ನಾನು ಆಡೋದ್ರಾಗೆ ಕೇಳೋ ಅಂಥದ್ದು ಏನೈತೆ?" ಎಂದರು. ಆಮೇಲೆ ಆಪರೇಷನ್ ಯಾವಾಗ ಎಂದು ಕೇಳಿದರು. ಆ ಮನುಷ್ಯನ ಮೇಲೆ ನನಗೆ ಅವತ್ತು ಬಂದಷ್ಟು ಪ್ರೀತಿ ಮದುವೆಯಾದ ಹೊಸದರಲ್ಲೂ ಬಂದಿರಲಿಲ್ಲ. ಆದರೆ ಡಾಕ್ಟರು ಕೊನೆಗೆ ಹೇಳಿದ ಮಾತನ್ನು ನಾನು ಅವರಿಗೂ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ. ಅವಳು ಹಾಡುತ್ತಾಳೆ. ನನಗಿಂತ ಚೆನ್ನಾಗಿ ಹಾಡುತ್ತಾಳೆ. ತುರುವೇಕೆರೆಯಲ್ಲಿ ವಾರಕ್ಕೆರಡು ದಿನ ಮಕ್ಕಳಿಗೆ ಪಾಠ ಹೇಳಿ ಬರುತ್ತಾಳೆ. ಹಾಸನದ ಕಡೆಯ ಒಂದು ಸಂಬಂಧವೂ ಮಾತುಕತೆಯಲ್ಲಿತ್ತು. ನನ್ನ ಬಾಯಿ ಕಟ್ಟಿದ್ದು ಯಾವುದು ಎಂದು ಕೇಳಿದರೆ, ನಮ್ಮ ದೊಡ್ಡಮ್ಮನೇ ಬಂದು ಬಾಯಿಗೆ ಕೈ ಅಡ್ಡ ಹಿಡಿದಿದ್ದರು ಎಂದೇ ಹೇಳಬೇಕು.

ಬಾಯಿ ಮುಚ್ಚಿಕೊಂಡವಳು ಕಣ್ಣು ಬಿಟ್ಟುಕೊಂಡೆ. ಅವಳು ಫೋನನ್ನು ಯಾವ ಕಿವಿಗೆ ಹಿಡಿಯುತ್ತಾಳೆ? ಎರಡಕ್ಕೂ ಹಿಡಿಯುತ್ತಿದ್ದಳು. ಟಿ.ವಿ. ಜೋರು ಮಾಡುತ್ತಾಳೆಯೇ? ಇಲ್ಲ, ಜೋರು ಮಾಡುತ್ತಿದ್ದವಳು ನಾನು, ತಗ್ಗಿಸುತ್ತಿದ್ದವಳು ಅವಳು. ಹಿಂದಿನಿಂದ ಮೆಲ್ಲಗೆ ಕರೆದೆ, ತಿರುಗಿದಳು. ಹಾಲು ಉಕ್ಕುವ ಮೊದಲಿನ ಸುಯ್ ಎನ್ನುವ ಸದ್ದಿಗೇ ಎದ್ದು ಓಡಿದಳು. ಪ್ರತಿ ಸಲವೂ ನನ್ನ ಎದೆಯ ಮೇಲಿನ ಕಲ್ಲು ಅಷ್ಟಷ್ಟೇ ಇಳಿಯಿತು. ಇವೆಲ್ಲ ಮೇಲಿನ ದನಿಗಳು ಎಂದು ಒಳಗೊಂದು ಮನಸ್ಸು ಹೇಳುತ್ತಿತ್ತು. ಅದರ ಬಾಯಿಯನ್ನೂ ಮುಚ್ಚಿಸಿದೆ.

ಅಷ್ಟರಲ್ಲಿ ಮೈಸೂರಿನ ಕೆಲಸ ಮುಗಿಸಬೇಕಾಗಿತ್ತು. ಕಿವಿಯನ್ನು ನಂಬುವ ಹಾಗಿಲ್ಲ, ಆದ್ದರಿಂದ ಕಣ್ಣಿನಲ್ಲಿ ಕೆಲಸ ಮಾಡಿದೆ. ಒಳ್ಳೆಯದೆನಿಸಿಕೊಂಡ ಐರ್ಲೆಂಡಿನ ಧ್ವನಿಮುದ್ರಣಗಳನ್ನು ಕಂಪ್ಯೂಟರಿಗೆ ಹಾಕಿ, ಅವುಗಳಲ್ಲಿ ತಗ್ಗಿನ ದನಿ ಎಷ್ಟಿದೆ, ರಾಗ ಎಷ್ಟಿದೆ ಎಂದು ಪಟ್ಟಿಗಳನ್ನು ನೋಡಿ, ನನ್ನ ತಿತ್ತಿಯ ಶ್ರುತಿಯನ್ನು ಅಷ್ಟಕ್ಕೇ ಇಳಿಸಿದೆ. ಹೊಟ್ಟೆಯಿಲ್ಲದ್ದೆಂದು ಬೈದಿದ್ದ ಮೊದಲನೆಯ ಬೌರಾನನ್ನೇ ವಾಪಸು ತಂದೆ. ನನಗೆ ಕೇಳಿದ್ದು ಒಂದು ಸೀಟಿ, ಹಾರ್ಪಿನ ಮೇಲಿನ ತಂತಿಗಳು, ಕಡ್ಡಿಯ ಚಟಚಟ, ಒಂಟಿ ರಾಗ. ಕೆಳಗೆ ಏನೂ ಇಲ್ಲ. ನೆಲವಿಲ್ಲದ ಮನೆಯಲ್ಲಿ ನಡೆದಾಡುವ ಹಾಗೆ ಭಯವಾಗುತ್ತಿತ್ತು. ಕಣ್ಣು ಮುಚ್ಚಿ ಕಳಿಸಿದೆ. "ಈಗ ನೋಡಿ ಮೇಡಂ, ಹದ ಅಂದ್ರೆ ಇದು! ಶ್ರುತಿ ಎಷ್ಟು ಬೇಕೋ ಅಷ್ಟೇ ಇದೆ" ಎಂದು ಬೆಳಿಗ್ಗೆಯೇ ಫೋನ್ ಬಂತು. ಸಂತೋಷಕ್ಕಿಂತ ಹೆಚ್ಚಾಗಿ ಅವಮಾನವಾಯಿತು. ಕೇಳದೆಯೇ ಮಾಡಿದ್ದು ಕೇಳಿ ಮಾಡಿದ್ದಕ್ಕಿಂತ ಚೆನ್ನಾಗಿತ್ತು.

ಮಧ್ಯಾಹ್ನ ಊಟವಾದ ಮೇಲೆ ಮಗಳು ಕೋಣೆಗೆ ಬಂದಳು. ಮೈಸೂರಿನವರು ಮೆಚ್ಚಿದ ಸುದ್ದಿ ಅಪ್ಪನಿಂದ ಕೇಳಿದ್ದಳು. "ನನಗೆ ಕೇಳಿಸಲ್ವಾ?" ಎಂದು ಪಕ್ಕದಲ್ಲಿ ಕೂತಳು. ಫೋನಿನಲ್ಲಿ ಹಾಕಿದೆ. ಅವಳು ತಲೆದೂಗುತ್ತಾ ಕೇಳಿದಳು. ಸೀಟಿ ಬಂದಾಗ ಕಣ್ಣರಳಿಸಿದಳು. ಮುಗಿದ ಮೇಲೆ, "ತುಂಬಾ ಚೆನ್ನಾಗಿದೆ ಕಣಮ್ಮ. ಶ್ರುತಿ ಯಾಕೆ ತೆಗ್ದುಬಿಟ್ಟೆ?" ಎಂದಳು.

ನಾನು ಅದನ್ನು ತೆಗೆದಿರಲಿಲ್ಲ. ಆದರೂ ಹುಚ್ಚು ಆಸೆ ಎಂಬುದು ಇರುತ್ತದಲ್ಲ. ಫೋನಿನ ಸ್ಪೀಕರು ಚಿಕ್ಕದು, ಅದರಲ್ಲಿ ತಗ್ಗಿನ ದನಿ ಯಾರಿಗೂ ಬರುವುದಿಲ್ಲ. ಇದು ನಿಜವೇ. ಅದೇ ನಿಜವನ್ನು ಗಟ್ಟಿಯಾಗಿ ಹಿಡಿದುಕೊಂಡು, "ಫೋನಲ್ಲಿ ಗೊತ್ತಾಗಲ್ಲ ಕಣೇ, ಇದು ಹಾಕ್ಕೋ" ಎಂದು ಒಳ್ಳೆಯ ಹೆಡ್‌ಫೋನನ್ನು ಅವಳ ತಲೆಗೆ ನಾನೇ ತೊಡಿಸಿದೆ. ಕಂಪ್ಯೂಟರಿನಲ್ಲಿ ಮೊದಲಿನಿಂದ ಹಾಕಿದೆ. ಪಟ್ಟಿಗಳು ಎದ್ದವು. ಶ್ರುತಿಯ ಪಟ್ಟಿ ಅರ್ಧಕ್ಕೆ ಏರಿ, ಅಲ್ಲೇ ಹಸಿರಾಗಿ ನಿಂತಿತು. ನಾನು ಪಟ್ಟಿ ನೋಡಲಿಲ್ಲ, ಅವಳ ಮುಖ ನೋಡಿದೆ. ಅವಳು ಹುಬ್ಬು ಗಂಟು ಹಾಕಿ ಕಾಯುತ್ತಿದ್ದಳು.

"ಎಲ್ಲಮ್ಮ? ರಾಗ ಒಂದೇ ಬರ್ತಾ ಇದೆ. ಪಾಪ, ಒಂಟಿಯಾಗಿ ಅಳ್ತಾ ಇದೆ ತಿತ್ತಿ. ಸ್ವಲ್ಪ ಶ್ರುತಿ ಹಾಕು."

ಮೇಲಕ್ಕೆ ತಳ್ಳಿದೆ. "ಬಂತಾ?"

"ಊಹೂಂ."

ಇನ್ನಷ್ಟು ತಳ್ಳಿದೆ. ಅವಳು ತಲೆಯಾಡಿಸಿದಳು. ಅಟ್ಟದ ಕೆಳಗಿನ ಆ ಕೋಣೆಯಲ್ಲಿ ನನಗೆ ಕೇಳುತ್ತಿದ್ದದ್ದು ನನ್ನ ಉಸಿರೊಂದೇ. ಪಟ್ಟಿ ಹಸಿರು ದಾಟಿ ಹಳದಿಗೆ ತಿರುಗಿತು. ಮೈಸೂರಿನವರು ಲಾರಿ ಎಂದಿದ್ದರಲ್ಲ, ಸರಿಯಾಗಿ ಅಲ್ಲಿಗೆ ಬಂದು ನಿಂತಿತು.

"ಹಾಂ, ಈಗ ನೋಡು! ಈಗ ಎಷ್ಟು ತುಂಬ್ಕೊಂಡಿತು" ಎಂದು ಮಗಳು ನಕ್ಕಳು. "ಇಷ್ಟಿದ್ರೆ ಸರಿ. ಇದನ್ನೇ ಕಳಿಸ್ಬೇಕಿತ್ತು ನೀನು."

ನಿನಗೂ ಬಂದಿದೆ ಎನ್ನುವ ಮಾತನ್ನು ನಮ್ಮ ಮನೆಯಲ್ಲಿ ಯಾವ ತಾಯಿಯೂ ಮಗಳಿಗೆ ಹೇಳಿಲ್ಲ. ನಾನು ಅವಳ ಹೆಡ್‌ಫೋನನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡೆ.

"ಇಷ್ಟು ಜೋರಿದ್ರೇ ನಂಗೂ ಕೇಳೋದು ಕಣೇ" ಎಂದೆ. "ಬೇರೆಯವರಿಗೆಲ್ಲ ಮೊದಲೇ ಕೇಳ್ತಿತ್ತು."

ಅವಳು ಇನ್ನೂ ನಗುತ್ತಲೇ ಇದ್ದಳು, ನಾನೇನೋ ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು.